ಪೆನ್ನಿಗೂ ಪೆನ್ಸಿಲ್ಲಿಗೂ ಸಂಬಂಧವೇ ಇಲ್ಲವಂತೆ, ಹೌದಾ?

ಗೀಚುಗ
ಒಂದು ಸಣ್ಣ ಜಗಳ ಬಗೆಹರಿಸಿಕೊಡಿ. ಇಂಗ್ಲಿಷಿನ ಪೆನ್, ಪೆನ್ಸಿಲ್ ಎರಡೂ ಕೈಯಲ್ಲಿ ಹಿಡಿದು ಬರೆಯುವ ಕಡ್ಡಿಗಳೇ. ಎರಡೂ ‘ಪೆನ್’ ಅಂತಲೇ ಶುರುವಾಗುತ್ತವೆ. ಪೆನ್ ಅಣ್ಣ, ಪೆನ್ಸಿಲ್ ತಮ್ಮ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ನಮ್ಮ ಆಫೀಸಿನ ಗೆಳೆಯ ‘ಎರಡು ಪದಗಳಿಗೂ ರಕ್ತಸಂಬಂಧವೇ ಇಲ್ಲ, ಸುಮ್ಮನೆ ಒಂದೇ ಥರ ಕೇಳಿಸುತ್ತವೆ’ ಅಂತ ಹಟ ಹಿಡಿದು ಕೂತಿದ್ದಾನೆ.

ಇನ್ನೊಂದು ವಿಷಯ ಬಳಕೆಯದ್ದು. ‘ಪೆನ್ಡ್ ಎ ಲೆಟರ್’ ಅಂತಾರೆ, ‘ಪೆನ್ಸಿಲ್ಡ್ ಎ ಲೆಟರ್’ ಅಂತ ಯಾರೂ ಅನ್ನುವುದು ಕಾಣೆ. ಮೀಟಿಂಗ್ ಗೊತ್ತು ಮಾಡುವಾಗ ‘ಪೆನ್ಸಿಲ್ ಮಿ ಇನ್’ ಅಂತಾರೆ, ಅಲ್ಲಿ ಪೆನ್ ಬರುವುದಿಲ್ಲ. ಯಾಕೆ ಹೀಗೆ? ಗೊತ್ತಿದ್ದವರು ಹೇಳಿ.

ನಿಘಂಟುಹುಳ
ನಿಮ್ಮ ಗೆಳೆಯರು ಹೇಳಿದ್ದು ಸರಿ.

ಪೆನ್ನಿನ ಮೂಲ ಲ್ಯಾಟಿನ್ನಿನ ‘ಪೆನ್ನಾ’, ಅಂದರೆ ಹಕ್ಕಿಯ ಗರಿ. ಹಳೆಯ ಫ್ರೆಂಚ್ ಮೂಲಕ ಹಾದು ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆ ಕಾಲದಲ್ಲಿ ಗರಿಯ ಬುಡವನ್ನು ಚೂಪಾಗಿ ಕೆತ್ತಿ, ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. ಹಾಗಾಗಿ ಗರಿಯ ಹೆಸರೇ ಬರೆಯುವ ಸಾಧನದ ಹೆಸರಾಯಿತು.

ಪೆನ್ಸಿಲ್ ಬಂದದ್ದು ‘ಪೆನಿಕಿಲ್ಲಸ್’ ಎಂಬ ಬೇರೆಯೇ ಲ್ಯಾಟಿನ್ ಪದದಿಂದ. ಅದರ ಅರ್ಥ ಬಣ್ಣ ಹಚ್ಚುವ ಕುಂಚ. ಅದನ್ನೂ ಬಿಡಿಸಿದರೆ ‘ಪುಟ್ಟ ಬಾಲ’. ಫ್ರೆಂಚಿನಲ್ಲಿ ‘ಪಿನ್ಸೆಲ್’ ಆಗಿ, 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದರ ಅರ್ಥ ಕುಂಚವೇ. ನಾವು ಇವತ್ತು ಪೆನ್ಸಿಲ್ ಅನ್ನುವ ವಸ್ತು ಆಗಿನ್ನೂ ಹುಟ್ಟಿರಲಿಲ್ಲ.

ತರಲೆ ತಮ್ಮಯ್ಯ
ಒಂದು ಗರಿ, ಇನ್ನೊಂದು ಬಾಲ. ಎರಡೂ ಬಂದು ಕೂತಿದ್ದು ಒಂದೇ ಕಂಪಾಸ್ ಬಾಕ್ಸಿನಲ್ಲಿ.

ಸಂದೇಹಿ
ಹುಳ ಸರ್, ಈ ಬಾಲದ ಕಥೆಗೆ ಆಧಾರ ಏನು? ಪದಗಳ ಹುಟ್ಟಿನ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಅರ್ಧಕ್ಕರ್ಧ ಕಟ್ಟುಕಥೆ. ಕೇಳಲು ಚೆನ್ನಾಗಿದ್ದಷ್ಟೂ ಸುಳ್ಳಿನ ಪ್ರಮಾಣ ಜಾಸ್ತಿ.

ನಿಘಂಟುಹುಳ
ಸಂದೇಹ ಪಡುವುದು ಒಳ್ಳೆಯದೇ. ಆದರೆ ಇದಕ್ಕೆ ಸಾಕ್ಷಿ ಹೇಳಿದವನು ಸಾಮಾನ್ಯದವನಲ್ಲ, ರೋಮಿನ ವಾಗ್ಮಿ ಸಿಸೆರೋ. ಕ್ರಿಸ್ತಪೂರ್ವ 1ನೇ ಶತಮಾನದವನು. ಗೆಳೆಯನಿಗೆ ಬರೆದ ಒಂದು ಕಾಗದದಲ್ಲಿ ಅಶ್ಲೀಲ ಪದಗಳ ವಿಚಾರ ಎತ್ತಿಕೊಂಡು ಹೀಗೆ ಹೇಳುತ್ತಾನೆ: ಹಿಂದಿನವರು ಬಾಲಕ್ಕೆ ‘ಪೆನಿಸ್’ ಅನ್ನುತ್ತಿದ್ದರು, ಕುಂಚ ಬಾಲದ ಹಾಗೆ ಕಾಣುವುದರಿಂದ ಅದಕ್ಕೆ ‘ಪೆನಿಕಿಲ್ಲಸ್’ ಎಂಬ ಹೆಸರು ಬಂತು, ಈಗ ನೋಡಿದರೆ ಆ ಮೂಲಪದವೇ ಬಾಯಲ್ಲಿ ಹೇಳಲಾರದ್ದಾಗಿದೆ, ಅಂತ. ಎರಡು ಸಾವಿರ ವರ್ಷದ ಹಿಂದೆಯೇ ಈ ಪದದ ಬಗ್ಗೆ ಮುಜುಗರ ಇತ್ತು.

ತರಲೆ ತಮ್ಮಯ್ಯ
ಮೇಲ್ವಿಚಾರಕರೇ, ಸಿಸೆರೋನನ್ನು ಬ್ಲಾಕ್ ಮಾಡಿ.

ಹಳೇ ಮೇಷ್ಟ್ರು
ತಮ್ಮಯ್ಯ, ತರಗತಿಯಲ್ಲಿ ನಗಬಾರದು.

ನಿಘಂಟುಹುಳ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪೆನ್ನಿಗೆ ಪೆನ್ಸಿಲ್ ನೆಂಟನಲ್ಲ ನಿಜ. ಆದರೆ ಅದಕ್ಕೆ ನಮ್ಮ ಕಡೆ ಒಬ್ಬ ನೆಂಟ ಇದ್ದಾನೆ, ‘ಪತ್ರ’! ಸಂಸ್ಕೃತದಲ್ಲಿ ಪತ್ರ ಅಂದರೆ ರೆಕ್ಕೆ, ಗರಿ, ಆಮೇಲೆ ಎಲೆ, ಎಲೆಯ ಮೇಲೆ ಬರೆದದ್ದು. ‘ಪತ್’ ಧಾತುವಿಗೆ ಹಾರು, ಬೀಳು ಎಂಬ ಅರ್ಥಗಳಿವೆ. ಪತಂಗ ಕೂಡ ಅಲ್ಲಿಂದಲೇ. ಲ್ಯಾಟಿನ್ನಿನ ಪೆನ್ನಾ, ಇಂಗ್ಲಿಷಿನ ‘ಫೆದರ್’, ಸಂಸ್ಕೃತದ ಪತ್ರ, ಮೂರೂ ಇಂಡೋ-ಯುರೋಪಿಯನ್ ಭಾಷೆಗಳ ಒಂದೇ ಬೇರಿನವು. ಪಕ್ಕದಲ್ಲೇ ಇರುವ ಪೆನ್ಸಿಲ್ ಪರಕೀಯ, ಎಲ್ಲೋ ದೂರದ ಪತ್ರ ದಾಯಾದಿ.

ಗೀಚುಗ
ಮೇಷ್ಟ್ರೇ, ಇದು ಮಜವಾಗಿದೆ. ಅಂದರೆ ಪೆನ್ನಿನಲ್ಲಿ ಪತ್ರ ಬರೆಯುವುದು ಅಂದರೆ ಗರಿಯಲ್ಲಿ ಗರಿ ಬರೆದ ಹಾಗೆ!

ಸಂದೇಹಿ
‘ಫೆದರ್’ಗೂ ‘ಪೆನ್ನಾ’ಗೂ ಎಲ್ಲಿಂದೆಲ್ಲಿಯ ಸಂಬಂಧ? ಒಂದಕ್ಷರವೂ ಹೊಂದುವುದಿಲ್ಲ. ಪೆನ್, ಪೆನ್ಸಿಲ್ ಮೂರಕ್ಷರ ಹೊಂದಿದರೂ ಸಂಬಂಧ ಇಲ್ಲ ಅನ್ನುತ್ತೀರಿ, ಏನೂ ಹೊಂದದ ಕಡೆ ಸಂಬಂಧ ಇದೆ ಅನ್ನುತ್ತೀರಿ. ಇದೊಳ್ಳೇ ನ್ಯಾಯ.

ನಿಘಂಟುಹುಳ
ಅದೇ ನ್ಯಾಯ ಸ್ವಾಮಿ. ಶಬ್ದಗಳು ಬದಲಾಗುವುದಕ್ಕೆ ಒಂದು ಕ್ರಮ ಇದೆ. ಸಂಸ್ಕೃತ, ಲ್ಯಾಟಿನ್‌ಗಳಲ್ಲಿ ‘ಪ’ ಇದ್ದ ಕಡೆ ಇಂಗ್ಲಿಷಿನಲ್ಲಿ ‘ಫ’ ಬರುತ್ತದೆ. ಪಿತೃ, ಪಾತೆರ್, ಫಾದರ್. ಪಾದ, ಪೆಸ್, ಫುಟ್. ಅದೇ ಸಾಲಿನಲ್ಲಿ ಪತ್ರ, ಪೆನ್ನಾ, ಫೆದರ್. ಪೆನ್ನಾದಲ್ಲಿ ಮೊದಲು ‘ತ’ ಇತ್ತು, ‘ಪೆತ್ನಾ’ ಅನ್ನುವುದು ಸವೆದು ‘ಪೆನ್ನಾ’ ಆಯಿತು. ಕ್ರಮಬದ್ಧವಾಗಿ ಬೇರೆಯಾಗಿ ಕಾಣುವುದೇ ನೆಂಟಸ್ತಿಕೆಗೆ ಸಾಕ್ಷಿ. ತೀರಾ ಒಂದೇ ಥರ ಕಂಡರೆ ಒಂದೋ ಸಾಲ ತಂದದ್ದು, ಇಲ್ಲವೇ ಆಕಸ್ಮಿಕ.

ಬಣ್ಣದ ಡಬ್ಬಿ
ನಾನು ಚಿತ್ರ ಬರೆಯುವವಳು. ಕುಂಚದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಬೇರೆ ಯುರೋಪಿನ ಭಾಷೆಗಳಲ್ಲಿ ಈ ಪದ ಇವತ್ತಿಗೂ ಕುಂಚವಾಗಿಯೇ ಉಳಿದಿದೆ. ಫ್ರೆಂಚಿನಲ್ಲಿ ‘ಪ್ಯಾನ್ಸೋ’, ಸ್ಪ್ಯಾನಿಶ್‌ನಲ್ಲಿ ‘ಪಿನ್ಸೆಲ್’, ಜರ್ಮನ್‌ನಲ್ಲಿ ‘ಪಿನ್ಸೆಲ್’. ಎಲ್ಲವೂ ಕೂದಲಿನ ಬ್ರಷ್ಷೇ. ದಾರಿ ತಪ್ಪಿದ್ದು ಇಂಗ್ಲಿಷ್ ಮಾತ್ರ.

ಇನ್ನೂ ಒಂದು ಗೊಂದಲ ಇದೆ. ಫ್ರೆಂಚಿನಲ್ಲಿ ಪೆನ್ಸಿಲ್ಲಿಗೆ ‘ಕ್ರೇಯಾನ್’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಕ್ರೇಯಾನ್ ಅಂದರೆ ಮಕ್ಕಳು ಬಣ್ಣ ತುಂಬುವ ಮೇಣದ ಕಡ್ಡಿ. ಅಂಗಡಿಯಲ್ಲಿ ಒಂದು ಕೇಳಿದರೆ ಇನ್ನೊಂದು ಕೊಡುತ್ತಾರೆ.

ಉತ್ತರದ ಗಾಳಿ
ಅದೆಲ್ಲಾ ಖರೆ ಐತ್ರಿ. ಆದ್ರ ಕುಂಚ ಇದ್ದದ್ದು ಈ ಕಟಗಿ ಕಡ್ಡಿ ಯಾವಾಗ ಆತು? ಅದನ್ನ ಯಾರೂ ಹೇಳವಲ್ರಿ.

ಹಳೇ ಮೇಷ್ಟ್ರು
ಹೇಳುತ್ತೇನೆ, ಇದು ಸ್ವಲ್ಪ ಉದ್ದ.

16ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಉತ್ತರಕ್ಕಿರುವ ಬಾರೋಡೇಲ್ ಕಣಿವೆಯಲ್ಲಿ ಗಟ್ಟಿಯಾದ, ಶುದ್ಧವಾದ ಗ್ರಾಫೈಟಿನ ನಿಕ್ಷೇಪ ಸಿಕ್ಕಿತು. ಕುರಿ ಕಾಯುವವರು ಕುರಿಗಳಿಗೆ ಗುರುತು ಹಾಕಲು ಬಳಸುತ್ತಿದ್ದರು ಅಂತ ಪ್ರತೀತಿ. ಅದನ್ನು ಸರಳಿನ ಹಾಗೆ ಸೀಳಿ, ಕೈಗೆ ಕಪ್ಪಾಗದಿರಲಿ ಅಂತ ದಾರ ಸುತ್ತಿಯೋ, ಮರದ ಹಿಡಿಕೆಯಲ್ಲಿ ಸಿಕ್ಕಿಸಿಯೋ ಬರೆಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಕಾನ್ರಾಡ್ ಗೆಸ್ನರ್ 1565ರಲ್ಲಿ ಇಂಥದ್ದೊಂದು ಸಾಧನದ ಚಿತ್ರ ಕೊಟ್ಟಿದ್ದಾನೆ. ಚಿತ್ರಕಾರರು ತೆಳುವಾದ ಗೆರೆಗೆ ಕುಂಚ ಬಳಸುತ್ತಿದ್ದರಲ್ಲ, ಅದೇ ಕೆಲಸಕ್ಕೆ ಈ ಕಪ್ಪು ಕಡ್ಡಿಯೂ ಬಂತು. ಕೆಲಸ ಒಂದೇ ಆದ್ದರಿಂದ ಹೆಸರೂ ಅದಕ್ಕೇ ಅಂಟಿತು. ಆಮೇಲೆ ಬಹಳ ಕಾಲ ಇಂಗ್ಲಿಷಿನಲ್ಲಿ ಪೆನ್ಸಿಲ್ ಅಂದರೆ ಕುಂಚವೂ ಹೌದು, ಈ ಕಡ್ಡಿಯೂ ಹೌದು.

1790ರ ದಶಕದಲ್ಲಿ ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ. ಫ್ರಾನ್ಸಿಗೆ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಿತು. ನಿಕೊಲಾ-ಜಾಕ್ ಕಾಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ ಸುಟ್ಟು, 1795ರಲ್ಲಿ ಪೇಟೆಂಟ್ ಪಡೆದ. ಜೇಡಿಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ. ಗ್ರಾಫೈಟ್ ಹೆಚ್ಚಾದಷ್ಟೂ ಮೆತ್ತಗೆ, ಗೆರೆ ಕಪ್ಪು. ಈಗಿನ ಎಚ್, ಬಿ ಗುರುತುಗಳೆಲ್ಲ ಆ ಹದವನ್ನೇ ಹೇಳುವುದು. ಎಚ್ ಅಂದರೆ ಹಾರ್ಡ್, ಬಿ ಅಂದರೆ ಬ್ಲ್ಯಾಕ್.

ಉತ್ತರದ ಗಾಳಿ
ಭಾಳ ಛಲೋ ಹೇಳಿದ್ರಿ ಸರ್. ಹಂಗಾದ್ರ ನಾವು ‘ಸೀಸದ ಕಡ್ಡಿ’ ಅಂತೀವಲ್ರಿ, ಅದರಾಗ ಸೀಸ ಎಲ್ಲಿ ಐತಿ?

ಹಳೇ ಮೇಷ್ಟ್ರು
ಒಂದು ಚೂರೂ ಇಲ್ಲ. ಗ್ರಾಫೈಟ್ ಸಿಕ್ಕಾಗ ಜನ ಅದನ್ನು ಒಂದು ಬಗೆಯ ಸೀಸ ಅಂತಲೇ ತಿಳಿದರು. ‘ಕಪ್ಪು ಸೀಸ’ ಅಂತ ಕರೆದರು. ಅದು ತೀರಾ ದಡ್ಡತನವೇನೂ ಅಲ್ಲ. ಅದಕ್ಕೂ ಮುಂಚೆ ಚರ್ಮದ ಹಾಳೆಗಳ ಮೇಲೆ ಗೆರೆ ಎಳೆಯಲು ನಿಜವಾದ ಸೀಸದ ತುಂಡನ್ನೇ ಬಳಸುತ್ತಿದ್ದರು. 1779ರಲ್ಲಿ ಕಾರ್ಲ್ ಶೀಲೆ ಇದು ಸೀಸವಲ್ಲ, ಇಂಗಾಲ ಅಂತ ತೋರಿಸಿದ. 1789ರಲ್ಲಿ ವೆರ್ನರ್ ಎಂಬ ಜರ್ಮನ್ ಭೂವಿಜ್ಞಾನಿ ಬರೆ ಎಂಬ ಅರ್ಥದ ಗ್ರೀಕ್ ಪದದಿಂದ ‘ಗ್ರಾಫೈಟ್’ ಅಂತ ಹೆಸರಿಟ್ಟ. ಅಷ್ಟು ಹೊತ್ತಿಗೆ ಸೀಸ ಎಲ್ಲರ ಬಾಯಲ್ಲಿ ನಿಂತುಬಿಟ್ಟಿತ್ತು. ಇಂಗ್ಲಿಷಿನವರು ಇಂದಿಗೂ ‘ಲೆಡ್’ ಅಂತಾರೆ, ಜರ್ಮನ್ನರು ‘ಬ್ಲೈಷ್ಟಿಫ್ಟ್’ ಅಂದರೆ ಸೀಸದ ಕಡ್ಡಿ ಅಂತಲೇ ಅನ್ನುತ್ತಾರೆ. ನಮ್ಮ ಸೀಸದ ಕಡ್ಡಿಯೂ ಆ ಸಾಲಿನದೇ.

ಮಂಜಿನ ಹನಿ
ಪೆನ್ಸಿಲ್ ಚುಚ್ಚಿಕೊಂಡರೆ ಮೈಯೆಲ್ಲಾ ವಿಷ ಏರುತ್ತೆ ಅಂತ ಚಿಕ್ಕವರಿದ್ದಾಗ ಹೆದರಿಸುತ್ತಿದ್ದರು. ಆ ಹೆದರಿಕೆಯೂ ಈ ಹೆಸರಿನಿಂದಲೇ ಬಂದಿರಬೇಕು.

ಸಂದೇಹಿ
ಇತಿಹಾಸ ಎಲ್ಲಾ ಸರಿ. ಆದರೆ ಗೀಚುಗ ಅವರ ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆತಿದ್ದೀರಿ. ಬಳಕೆ ಹೇಗೆ ಅಂತ ಕೇಳಿದ್ದು ಅವರು. ನನ್ನ ಪ್ರಕಾರ ಬಳಕೆಗೂ ಈ ಗರಿ, ಬಾಲಕ್ಕೂ ಸುತರಾಂ ಸಂಬಂಧವಿಲ್ಲ. ಇವತ್ತು ಇಂಗ್ಲಿಷ್ ಮಾತಾಡುವವನ ತಲೆಯಲ್ಲಿ ಇರುವುದು ಒಂದೇ ವ್ಯತ್ಯಾಸ: ಪೆನ್ನಿನದು ಅಳಿಸಲಾಗದು, ಪೆನ್ಸಿಲ್ಲಿನದು ಅಳಿಸಬಹುದು. ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು. ‘ಪೆನ್ಸಿಲ್ ಇನ್’ ಅಂದರೆ ಆಮೇಲೆ ಬದಲಾಯಿಸಬಹುದು, ಸದ್ಯಕ್ಕೆ ಬರೆದಿಟ್ಟುಕೊಳ್ಳಿ ಅಂತ. ‘ಪೆನ್’ ಅಂದರೆ ಬರೆದಾಯಿತು, ಮುಗಿಯಿತು. ಪದದ ಜಾತಕ ನೋಡಿ ಅರ್ಥ ಹೇಳುವುದು ಶುದ್ಧ ಕಾಲಹರಣ.

ಮಂಜಿನ ಹನಿ
ಕಾಲಹರಣ ಅಲ್ಲ. ನಾನು ಅನುವಾದ ಮಾಡುವವಳು, ಒಂದು ಉದಾಹರಣೆ ಕೊಡುತ್ತೇನೆ. 18ನೇ ಶತಮಾನದ ಇಂಗ್ಲಿಷ್ ಬರಹದಲ್ಲಿ ‘ಆ ಮಹಾ ಕಲಾವಿದನ ಪೆನ್ಸಿಲ್’ ಅಂತ ಬಂತು ಅಂದುಕೊಳ್ಳಿ. ಪಕ್ಕದಲ್ಲೇ ಬಣ್ಣಗಳ ವರ್ಣನೆ. ಇವತ್ತಿನ ಅರ್ಥ ಹಿಡಿದು ‘ಪೆನ್ಸಿಲ್’ ಅಂತ ಬರೆದರೆ, ಆತ ಸೀಸದ ಕಡ್ಡಿಯಲ್ಲಿ ಕೆಂಪು ಸೂರ್ಯೋದಯ ಬಿಡಿಸಿದ ಹಾಗಾಗುತ್ತದೆ! ಅಲ್ಲಿ ‘ಕುಂಚ’ ಅಂತಲೇ ಬರಬೇಕು. ಇಂಥ ತಪ್ಪು ಅಚ್ಚಾದ ಪುಸ್ತಕದಲ್ಲೇ ನೋಡಿದ್ದೇನೆ. ಪದದ ಜಾತಕ ಗೊತ್ತಿಲ್ಲದವರಿಗೆ ಅದು ತಪ್ಪು ಅಂತ ಅನುಮಾನ ಕೂಡ ಬರುವುದಿಲ್ಲ. ತಮಾಷೆ ಇರುವುದೇ ಅಲ್ಲಿ.

ಸಂದೇಹಿ
ಹಳೆಯ ಪುಸ್ತಕಕ್ಕೆ ಒಪ್ಪಿದೆ. ದಿನನಿತ್ಯದ ಮಾತಿಗೆ ಒಪ್ಪುವುದಿಲ್ಲ.

ಕಿರಣರೇಖೆ
ಇವತ್ತಿನ ಮಾತಿನಲ್ಲೂ ಕುಂಚ ಉಳಿದಿದೆ ಸಂದೇಹಿಯವರೇ, ನೀವು ಶಾಲೆಯಲ್ಲಿ ಓದಿರುತ್ತೀರಿ. ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಬೆಳಕಿನ ಅಧ್ಯಾಯದಲ್ಲಿ ‘ಪೆನ್ಸಿಲ್ ಆಫ್ ರೇಸ್’ ಅಂತ ಬರುತ್ತದೆ. ಒಂದು ಬಿಂದುವಿನಿಂದ ಹೊರಡುವ, ಇಲ್ಲವೇ ಒಂದು ಬಿಂದುವಿಗೆ ಬಂದು ಸೇರುವ ಕಿರಣಗಳ ಕಿರಿದಾದ ಗೊಂಚಲು. ಮಕ್ಕಳು ಪೆನ್ಸಿಲ್ಲಿನ ಹಾಗೆ ಉದ್ದಕ್ಕೆ, ನೆಟ್ಟಗೆ ಇರುವುದರಿಂದ ಆ ಹೆಸರು ಅಂದುಕೊಳ್ಳುತ್ತಾರೆ. ಆದರೆ ಕುಂಚದ ಕೂದಲುಗಳನ್ನು ನೋಡಿ: ತುದಿಯಲ್ಲಿ ಒಂದೇ ಮೊನೆಗೆ ಕೂಡುತ್ತವೆ. ಗಣಿತದಲ್ಲೂ ಒಂದೇ ಬಿಂದುವಿನ ಮೂಲಕ ಹಾಯುವ ಎಲ್ಲಾ ಗೆರೆಗಳಿಗೆ ‘ಪೆನ್ಸಿಲ್ ಆಫ್ ಲೈನ್ಸ್’ ಅಂತ ಹೆಸರಿದೆ. ಸೀಸದ ಕಡ್ಡಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇದು ಅರ್ಥವೇ ಆಗುವುದಿಲ್ಲ, ಕುಂಚ ಅಂದುಕೊಂಡರೆ ತಕ್ಷಣ ಹೊಳೆಯುತ್ತದೆ.

ಮಂಜಿನ ಹನಿ
ಕಿರಣರೇಖೆ ಮೇಡಂ, ನೂರಕ್ಕೆ ನೂರು!

ನಿಘಂಟುಹುಳ
ಪೆನಿಸಿಲಿನ್ ಕೂಡ ಇದೇ ಮನೆಯದು. ಪೆನಿಸಿಲಿಯಂ ಎಂಬ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುದಿ ಕುಂಚದ ಹಾಗೆ ಕವಲೊಡೆದಿರುತ್ತದೆ, ಅದಕ್ಕೇ 1809ರಲ್ಲಿ ಆ ಹೆಸರು ಬಿತ್ತು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಕೊಂಡ ಔಷಧಕ್ಕೆ ಬೂಷ್ಟಿನ ಹೆಸರೇ ನಿಂತಿತು. ಹಾಗಾಗಿ ಪೆನ್ಸಿಲ್ಲಿನ ಸೋದರ ಪೆನ್ನಲ್ಲ, ಪೆನಿಸಿಲಿನ್.

ತರಲೆ ತಮ್ಮಯ್ಯ
ಬ್ಯಾಕ್ಟೀರಿಯಾವನ್ನು ಅಳಿಸುವ ಪೆನ್ಸಿಲ್. ಆದರೆ ಡಾಕ್ಟರ್ ಚೀಟಿ ಬರೆಯುವುದು ಮಾತ್ರ ಪೆನ್ನಿನಲ್ಲೇ.

ಗೀಚುಗ
ಸಂದೇಹಿಯವರ ಮಾತಿನಲ್ಲೂ ಅರ್ಥ ಇದೆ. ‘ಪೆನ್ಡ್’ ಬಗ್ಗೆ ಇನ್ನಷ್ಟು ಹೇಳಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಎಲ್ಲರೂ ಎಲ್ಲವನ್ನೂ ‘ಪೆನ್’ ಮಾಡುತ್ತಾರೆ. ನಟ ಮಗಳಿಗೆ ನಾಲ್ಕು ಸಾಲಿನ ಹುಟ್ಟುಹಬ್ಬದ ಹಾರೈಕೆ ಹಾಕಿದರೂ ‘ಪೆನ್ಡ್ ಎ ಹಾರ್ಟ್‌ಫೆಲ್ಟ್ ನೋಟ್’. ಅದನ್ನು ಟೈಪ್ ಮಾಡಿದ್ದು ಫೋನಿನಲ್ಲಿ!

ಮಂಜಿನ ಹನಿ
ಅಯ್ಯೋ, ಆ ಪದ ಕಂಡರೆ ನನಗೆ ತಲೆನೋವು. ‘ಪೆನ್’ ಕ್ರಿಯಾಪದವಾದಾಗ ಅದಕ್ಕೆ ಸ್ವಲ್ಪ ಗತ್ತು ಇರುತ್ತದೆ. ನಮ್ಮಲ್ಲಿ ‘ರಚಿಸಿದರು’ ಅಂದ ಹಾಗೆ. ಕವಿತೆ ರಚಿಸಬಹುದು, ರಾಜೀನಾಮೆ ಪತ್ರಕ್ಕೂ ಎಳೆದಾಡಿ ಹೊಂದಿಸಬಹುದು. ಹಾಲು ತರಲು ಚೀಟಿ ‘ರಚಿಸಿದರು’ ಅಂದರೆ ನಗು ಬರುತ್ತೆ. ‘ಬರೆದರು’ ಎಂಬ ಒಳ್ಳೆಯ ಪದ ಇರುವಾಗ ಇಷ್ಟೊಂದು ಆಡಂಬರ ಯಾಕೋ.

‘ಪೆನ್ಸಿಲ್ ಇನ್’ ಅನ್ನು ಕನ್ನಡಕ್ಕೆ ತರುವಾಗ ಪೆನ್ಸಿಲನ್ನು ಕೈಬಿಡುತ್ತೇನೆ. ‘ಸದ್ಯಕ್ಕೆ ಬರೆದಿಟ್ಟುಕೊಂಡಿರಿ, ಆಮೇಲೆ ಖಚಿತ ಮಾಡೋಣ’ ಅಂದರೆ ಸಾಕು. ‘ನನ್ನನ್ನು ಪೆನ್ಸಿಲಿಸಿ’ ಅಂತ ಯಾರಾದರೂ ಅನುವಾದ ಮಾಡಿದರೆ ಅವರನ್ನು ಪೆನ್ನಿನಲ್ಲೇ ಹೊಡೆದು ಹಾಕಬೇಕು.

ಹಳೇ ಮೇಷ್ಟ್ರು
ಇನ್ನೊಂದು ಬಳಕೆ ನೋಡಿ. ಕಚೇರಿಯಲ್ಲಿ ದಿನವಿಡೀ ಕಾಗದ ತಿರುವುತ್ತಾ ಕೂರುವವರನ್ನು ಹೀಯಾಳಿಸಲು ಬ್ರಿಟನ್ನಿನಲ್ಲಿ ‘ಪೆನ್ ಪುಷರ್’ ಅನ್ನುತ್ತಾರೆ, ಅಮೆರಿಕದಲ್ಲಿ ‘ಪೆನ್ಸಿಲ್ ಪುಷರ್’. ಅರ್ಥ, ತಿರಸ್ಕಾರ ಎರಡೂ ಅಷ್ಟೇ. ಇಲ್ಲಿ ಅಳಿಸುವುದು, ಅಳಿಸದಿರುವುದು ಎಂಬ ಸಂದೇಹಿಯವರ ಸಿದ್ಧಾಂತ ನಡೆಯುವುದಿಲ್ಲ.

ಸಂದೇಹಿ
ಒಂದು ಅಪವಾದ ಇಟ್ಟುಕೊಂಡು ಸಿದ್ಧಾಂತ ಬೀಳಿಸುತ್ತೀರಾ ಮೇಷ್ಟ್ರೇ? ‘ಖಡ್ಗಕ್ಕಿಂತ ಲೇಖನಿ ಹರಿತ’ ಎಂಬ ಮಾತು ನೋಡಿ. ಅಲ್ಲಿ ಪೆನ್ಸಿಲ್ ಹಾಕಿ ನೋಡೋಣ. ಚೂಪು ಮಾಡುವುದು ಪೆನ್ಸಿಲನ್ನೇ ಆದರೂ ಹರಿತದ ಕೀರ್ತಿ ಪೆನ್ನಿಗೆ. ಯಾಕೆ? ಅಧಿಕಾರ ಇರುವುದು ಅಳಿಸಲಾಗದ ಬರಹಕ್ಕೆ. ಸಹಿ, ಕರಾರು, ತೀರ್ಪು ಎಲ್ಲವೂ ಮಸಿಯಲ್ಲಿ.

ನಿಘಂಟುಹುಳ
ಆ ಇಂಗ್ಲಿಷ್ ಮಾತು ಪ್ರಸಿದ್ಧವಾದದ್ದು 1839ರ ಒಂದು ನಾಟಕದಿಂದ. ಆಗಿನ್ನೂ ಗರಿಯ ಪೆನ್ನೂ ಚಾಲ್ತಿಯಲ್ಲಿತ್ತು, ಲೋಹದ ನಿಬ್ಬೂ ಬಂದಿತ್ತು. ಗರಿಯನ್ನೂ ಆಗಾಗ ಚೂಪು ಮಾಡಬೇಕಿತ್ತು ಸಂದೇಹಿಯವರೇ. ಅದಕ್ಕೆಂದೇ ಇದ್ದ ಪುಟ್ಟ ಚಾಕುವೇ ‘ಪೆನ್‌ನೈಫ್’. ಈಗ ಜನ ಅದರಲ್ಲಿ ಪೆನ್ಸಿಲ್ ಕೆತ್ತುತ್ತಾರೆ, ಹೆಸರು ಮಾತ್ರ ಪೆನ್ನಿನದು.

ಪೆನ್ಸಿಲ್ಲಿಗೂ ಅಧಿಕಾರ ಇಲ್ಲದಿಲ್ಲ. ಸಂಪಾದಕರು ಬರಹ ತಿದ್ದುವುದಕ್ಕೆ, ಸೆನ್ಸಾರಿನವರು ಕತ್ತರಿಸುವುದಕ್ಕೆ ‘ಬ್ಲೂ ಪೆನ್ಸಿಲ್’ ಅನ್ನುತ್ತಾರೆ. ಬರೆಯುವವನ ಕೈಯಲ್ಲಿ ಪೆನ್, ಹೊಡೆದುಹಾಕುವವನ ಕೈಯಲ್ಲಿ ಪೆನ್ಸಿಲ್. ಯಾರು ದೊಡ್ಡವರು ನೀವೇ ಹೇಳಿ.

ಕಡಲ ಕಾಗೆ
ಮಾರಾಯ್ರೆ, ನೀವೆಲ್ಲ ಒಂದು ಪೆನ್ನನ್ನು ಬಿಟ್ಟೇ ಬಿಟ್ಟಿರಿ. ಕಡಲಲ್ಲಿ ಸ್ಕ್ವಿಡ್ ಅಂತ ಉಂಟಲ್ಲ, ಅದರ ಮೈಯೊಳಗೆ ಪ್ಲಾಸ್ಟಿಕ್ಕಿನ ಹಾಗೆ ತೆಳ್ಳಗಿನ ಒಂದು ಕಡ್ಡಿ ಇರ್ತದೆ. ನೋಡಲಿಕ್ಕೆ ಥೇಟ್ ಗರಿಯೇ. ಇಂಗ್ಲಿಷಿನಲ್ಲಿ ಅದರ ಹೆಸರು ‘ಪೆನ್’. ಅದರ ಹೊಟ್ಟೆಯಲ್ಲಿ ಮಸಿಯೂ ಉಂಟು. ಪೆನ್ನು, ಇಂಕು ಎರಡೂ ಇಟ್ಟುಕೊಂಡು ಒಂದಕ್ಷರ ಬರೀಲಿಲ್ಲ ಪಾಪ!

ನಿಘಂಟುಹುಳ
ಕಾಗೆಯವರೇ, ನೀವು ಅರಿಯದೆಯೇ ದೊಡ್ಡ ಬಾಗಿಲು ತೆರೆದಿರಿ. ಸ್ಕ್ವಿಡ್ಡಿಗೆ ‘ಕ್ಯಾಲಮಾರಿ’ ಅಂತಾರಲ್ಲ, ಅದರ ಮೂಲ ಲ್ಯಾಟಿನ್ನಿನ ‘ಕಲಮಾರಿಯಂ’, ಲೇಖನಿ ಇಡುವ ಪೆಟ್ಟಿಗೆ. ಅದರ ಹಿಂದೆ ಗ್ರೀಕಿನ ‘ಕಲಮೋಸ್’, ಅಂದರೆ ಜೊಂಡು, ಜೊಂಡಿನ ಲೇಖನಿ. ಅದೇ ಪದ ಅರಬ್ಬಿಗೆ ಹೋಗಿ ‘ಕಲಮ್’ ಆಯಿತು.

ಕರಿಕೋಟು
ಅಲ್ಲಿಂದ ನಮ್ಮ ಕೋರ್ಟಿಗೂ ಬಂತು. ‘ಕಲಂ 144’ ಅನ್ನುತ್ತೇವಲ್ಲ, ಆ ಕಲಂ ಇದೇ. ಮರಾಠಿಯಲ್ಲೂ ಕಾಯ್ದೆಯ ವಿಧಿಗೆ ಕಲಮ್ ಅಂತಲೇ ಅನ್ನುತ್ತಾರೆ. ಲೇಖನಿ ಎಂಬ ಅರ್ಥದ ಪದ ಬರೆದಿಟ್ಟ ವಿಧಿಗೆ ಹೆಸರಾಯಿತು. ನಮ್ಮ ಜೂನಿಯರುಗಳು ಇದನ್ನು ಪತ್ರಿಕೆಯ ‘ಕಾಲಂ’ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಅರ್ಜಿಯಲ್ಲಿ ‘ಕಾಲಂ 5ರಡಿ’ ಅಂತ ಬರೆದು ತರುತ್ತಾರೆ. ಕಾಲಂ ಬಂದದ್ದು ಇಂಗ್ಲಿಷಿನಿಂದ, ಮೂಲ ಅರ್ಥ ಕಂಬ. ಒಂದು ಜೊಂಡು, ಒಂದು ಕಂಬ.

ಗೀಚುಗ
ಅಂದರೆ ಪೆನ್-ಪೆನ್ಸಿಲ್ ಥರದ್ದೇ ಜೋಡಿ ಕನ್ನಡದಲ್ಲೂ ಇದೆ! ಕಲಂ, ಕಾಲಂ. ಇನ್ನೂ ಇವೆಯಾ?

ಹಳೇ ಮೇಷ್ಟ್ರು
ಬೇಕಾದಷ್ಟು. ಮನ ಮತ್ತು ಮನೆ. ಮನ ಸಂಸ್ಕೃತದ ಮನಸ್ಸು, ಮನೆ ಅಚ್ಚ ದ್ರಾವಿಡ ಪದ, ತಮಿಳಿನಲ್ಲಿ ‘ಮನೈ’. ಭಾಷಣಕಾರರು ‘ಮನವಿದ್ದಲ್ಲಿ ಮನೆ’ ಅಂತ ಪ್ರಾಸ ಹೊಸೆದು ಚಪ್ಪಾಳೆ ಗಿಟ್ಟಿಸುತ್ತಾರೆ, ಪದಗಳಿಗೆ ಮಾತ್ರ ಪರಸ್ಪರ ಪರಿಚಯವೇ ಇಲ್ಲ. ಪಾಲು ಮತ್ತು ಪಾಲಿಸು ಇನ್ನೊಂದು. ಪಾಲು ನಮ್ಮದು, ಪಾಲಿಸು ಸಂಸ್ಕೃತದ್ದು. ‘ಅರಿ’ಯಂತೂ ಬರವಣಿಗೆಯಲ್ಲಿ ಒಂದೇ: ತಿಳಿ ಎಂಬ ಅರ್ಥದ್ದು ಕನ್ನಡ, ಶತ್ರು ಎಂಬ ಅರ್ಥದ್ದು ಸಂಸ್ಕೃತ.

ತರಲೆ ತಮ್ಮಯ್ಯ
ಶತ್ರುವನ್ನು ಅರಿ ಅಂದರೆ ಅರಿಯನ್ನು ಅರಿ. ಪರೀಕ್ಷೆಗೆ ಬರಬಹುದು, ಬರೆದಿಟ್ಟುಕೊಳ್ಳಿ. ಪೆನ್ಸಿಲ್ಲಿನಲ್ಲಿ.

ನಿಘಂಟುಹುಳ
ಇಂಗ್ಲಿಷಿನಲ್ಲಿ ಇಂಥವು ಇನ್ನೂ ಇವೆ. ‘ಮೇಲ್’, ‘ಫೀಮೇಲ್’ ನೋಡಿ. ಎರಡನೆಯದು ಮೊದಲನೆಯದಕ್ಕೆ ‘ಫೀ’ ಸೇರಿಸಿದ್ದಲ್ಲ. ಲ್ಯಾಟಿನ್ನಿನ ‘ಫೆಮೆಲ್ಲಾ’, ಅಂದರೆ ಹುಡುಗಿ, ಹಳೆಯ ಫ್ರೆಂಚಿನಲ್ಲಿ ‘ಫೆಮೆಲ್’ ಆಗಿ ಬಂತು. ‘ಮೇಲ್’ ಪಕ್ಕದಲ್ಲಿ ಕೂತು ಕೂತು ಕಾಗುಣಿತವನ್ನೇ ಬದಲಿಸಿಕೊಂಡಿತು. ‘ಐಲ್ಯಾಂಡ್’ ಕೂಡ ಹಾಗೆಯೇ. ಅದು ಹಳೆಯ ಇಂಗ್ಲಿಷ್ ಪದ, ಅದರಲ್ಲಿ ‘ಎಸ್’ ಇರಲೇ ಇಲ್ಲ. ಲ್ಯಾಟಿನ್ ಮೂಲದ ‘ಐಲ್’ ಜೊತೆ ಸಂಬಂಧ ಇದೆ ಅಂತ ತಪ್ಪು ತಿಳಿದು 16ನೇ ಶತಮಾನದಲ್ಲಿ ನಡುವೆ ಒಂದು ‘ಎಸ್’ ತುರುಕಿದರು. ಇವತ್ತಿಗೂ ಮಕ್ಕಳು ಆ ಉಚ್ಚಾರವಾಗದ ‘ಎಸ್’ ಬಾಯಿಪಾಠ ಮಾಡುತ್ತಿದ್ದಾರೆ.

ಸಂದೇಹಿ
ನೋಡಿ, ನನ್ನ ವಾದಕ್ಕೆ ನೀವೇ ಸಾಕ್ಷಿ ಕೊಟ್ಟಿರಿ. ಸಂಬಂಧ ಇಲ್ಲದ ಪದಗಳನ್ನೂ ಜನ ಜೋಡಿ ಅಂತ ತಿಳಿದರೆ, ಕೊನೆಗೆ ಪದಗಳೇ ಜೋಡಿಯ ಹಾಗೆ ಬದಲಾಗುತ್ತವೆ. ಅಂದ ಮೇಲೆ ಯಾರು ಗೆದ್ದರು? ಹುಟ್ಟೋ, ಬಳಕೆಯೋ?

ಮಂಜಿನ ಹನಿ
ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಪೆನ್, ಪೆನ್ಸಿಲ್ ಈಗ ಜೋಡಿಯೇ. ಆದರೂ ಹಳೆಯ ಬರಹ ಕೈಗೆ ಬಂದಾಗ ನಾನು ಹುಟ್ಟನ್ನೇ ನಂಬುತ್ತೇನೆ.

ಉತ್ತರದ ಗಾಳಿ
ಹಂದಿ ಕೂಡೂ ‘ಪಿಗ್ ಪೆನ್’ ಅಂತಾರಲ್ರಿ, ಅದೂ ಗರಿನs ಏನ್ರಿ?

ನಿಘಂಟುಹುಳ
ಇಲ್ಲ ಇಲ್ಲ, ಅದು ಮೂರನೆಯದು. ಹಳೆಯ ಇಂಗ್ಲಿಷಿನಲ್ಲೇ ಇದ್ದ ದೊಡ್ಡಿ ಎಂಬ ಅರ್ಥದ ಪದ. ಮಗುವನ್ನು ಕೂರಿಸುವ ‘ಪ್ಲೇ ಪೆನ್’ ಇದರದ್ದೇ. ಗರಿಗೂ ಬಾಲಕ್ಕೂ ಸೇರಿದ್ದಲ್ಲ. ಹೆಣ್ಣು ಹಂಸಕ್ಕೂ ‘ಪೆನ್’ ಅನ್ನುತ್ತಾರೆ, ಅದನ್ನು ಎತ್ತಿಕೊಂಡರೆ ರಾತ್ರಿ ಕಳೆಯುತ್ತದೆ.

ಹೊಸಬ
ಎಲ್ಲಾ ಓದಿದೆ, ಚೆನ್ನಾಗಿದೆ. ಅಮೆರಿಕದವರು ಬಾಹ್ಯಾಕಾಶದಲ್ಲಿ ಬರೆಯಲು ಕೋಟ್ಯಂತರ ಡಾಲರ್ ಸುರಿದು ಪೆನ್ ಕಂಡುಹಿಡಿದರಂತೆ, ರಷ್ಯದವರು ಸುಮ್ಮನೆ ಪೆನ್ಸಿಲ್ ಒಯ್ದರಂತೆ. ಇದರಲ್ಲಿ ಪೆನ್ಸಿಲ್ಲೇ ಗೆದ್ದಿತಲ್ಲ!

ಕಿರಣರೇಖೆ
ಈ ಕಥೆ ಯಾವಾಗ ಬರುತ್ತೆ ಅಂತಲೇ ಕಾಯುತ್ತಿದ್ದೆ. ಅದು ನಿಜವಲ್ಲ. ಮೊದಮೊದಲು ನಾಸಾದವರೂ ಪೆನ್ಸಿಲ್ಲನ್ನೇ ಬಳಸಿದ್ದರು. ಆದರೆ ಗ್ರಾಫೈಟ್ ವಿದ್ಯುತ್ ಹರಿಯಬಿಡುತ್ತದೆ. ಮುರಿದ ಮೊನೆ, ಪುಡಿ ತೂಕವಿಲ್ಲದ ಕಡೆ ತೇಲಿಕೊಂಡು ಹೋಗಿ ಯಂತ್ರದೊಳಗೆ ಸೇರಿದರೆ ಅಪಾಯ. ಆ ವಿಶೇಷ ಪೆನ್ ತಯಾರಿಸಿದ್ದು ಪಾಲ್ ಫಿಶರ್ ಎಂಬ ಉದ್ಯಮಿ, ತನ್ನದೇ ದುಡ್ಡಿನಲ್ಲಿ. ನಾಸಾ ಅದನ್ನು ಕೊಂಡು 1968ರ ಅಪೋಲೊ 7ರಲ್ಲಿ ಕಳಿಸಿತು. ಆಮೇಲೆ ಸೋವಿಯತ್‌ನವರೂ ಅದೇ ಪೆನ್ ಕೊಂಡರು.

ಹೊಸಬ
ಛೆ, ಆ ಕಥೆ ಎಷ್ಟು ಚೆನ್ನಾಗಿತ್ತು.

ಸಂದೇಹಿ
ನಾನು ಮೊದಲೇ ಹೇಳಿದೆನಲ್ಲ. ಕೇಳಲು ಚೆನ್ನಾಗಿದ್ದಷ್ಟೂ.

ಮೇಲ್ವಿಚಾರಕ
ಕಲಂ-ಕಾಲಂ, ಮನ-ಮನೆ ಜೋಡಿಗಳಿಗೆ ಬೇರೆ ಎಳೆ ತೆರೆದಿದ್ದೇನೆ, ಅವನ್ನು ಅಲ್ಲಿ ಮುಂದುವರಿಸಿ. ಹಂಸ, ಸ್ಕ್ವಿಡ್, ರಾಕೆಟ್ ಇಲ್ಲಿಗೆ ಸಾಕು.

ಬಣ್ಣದ ಡಬ್ಬಿ
ಒಂದೇ ಒಂದು ಬಾಕಿ ಇದೆ, ಅಳಿಸುವ ರಬ್ಬರ್. ಬ್ರಿಟನ್ನಿನವರು ಅದನ್ನು ‘ರಬ್ಬರ್’ ಅನ್ನುತ್ತಾರೆ, ಅಮೆರಿಕದವರು ‘ಇರೇಸರ್’. ಅಮೆರಿಕದಲ್ಲಿ ಪಕ್ಕದವರನ್ನು ‘ಒಂದು ರಬ್ಬರ್ ಕೊಡ್ತೀರಾ’ ಅಂತ ಕೇಳಬೇಡಿ. ಅಲ್ಲಿ ಅದಕ್ಕೆ ಕಾಂಡೋಮ್ ಎಂಬ ಅರ್ಥ ಇದೆ.

ಹಳೇ ಮೇಷ್ಟ್ರು
ಸಿಸೆರೋ ಕಡೆಗೇ ಹೊರಟಿತಲ್ಲ ಮಾತು.

ರಬ್ಬರ್ ವಿಷಯ ಮಾತ್ರ ಗಮನಿಸಬೇಕಾದ್ದು. 1770ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಪೆನ್ಸಿಲ್ ಗೆರೆ ಅಳಿಸಲು ಒಳ್ಳೆಯ ವಸ್ತುವೊಂದು ಸಿಗುತ್ತಿದೆ ಅಂತ ಬರೆದ. ಉಜ್ಜುವುದಕ್ಕೆ ಇಂಗ್ಲಿಷಿನಲ್ಲಿ ‘ರಬ್’. ಉಜ್ಜಿ ಅಳಿಸುವ ಕೆಲಸಕ್ಕೆ ಬಂದದ್ದರಿಂದ ಆ ವಸ್ತುವಿಗೇ ರಬ್ಬರ್ ಅಂತ ಹೆಸರಾಯಿತು.

ತರಲೆ ತಮ್ಮಯ್ಯ
ಅಂದರೆ ಲಾರಿ ಟಯರಿಗೂ ಹೆಸರು ಬಂದದ್ದು ಪೆನ್ಸಿಲ್ ಗೆರೆಯಿಂದ. ಪೆನ್ನಿನವರು ಏನು ಹೇಳ್ತೀರಿ?